ಗೂಡಿಗೆ ಮರಳುವ ಹಕ್ಕಿ

ಜುಲೈ ತಿಂಗಳ ಆರಂಭದ ಒಂದು ಮುಂಜಾನೆ. ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ದೊಡ್ಡ ದೊಡ್ಡ ಲಾರಿಗಳು ಸಾಲಾಗಿ ನಿಂತಿವೆ. ಲಾರಿಗಳ ತುಂಬ ಬುಟ್ಟಿಗಳು. ಬುಟ್ಟಿಗಳ ತುಂಬ ಪಾರಿವಾಳಗಳು. ಮೇಲ್ವಿಚಾರಕರು ಆಕಾಶವನ್ನೂ ಗಾಳಿಯನ್ನೂ ಪರೀಕ್ಷಿಸಿ ಒಪ್ಪಿಗೆ ನೀಡಿದೊಡನೆ ಬುಟ್ಟಿಗಳ ಬಾಗಿಲುಗಳು ತೆರೆದುಕೊಳ್ಳುತ್ತವೆ. 10,000ಕ್ಕೂ ಹೆಚ್ಚು ಹಕ್ಕಿಗಳು ಒಮ್ಮೆಲೇ ಮೇಲೇರುತ್ತವೆ. ರೆಕ್ಕೆಗಳ ಸದ್ದು ಮಳೆ ಸುರಿದಂತೆ ಕೇಳುತ್ತದೆ. ಸ್ವಲ್ಪ ಹೊತ್ತು ಸುತ್ತು ಹಾಕಿದ ಹಕ್ಕಿಗಳು ಉತ್ತರ ದಿಕ್ಕಿಗೆ ತಿರುಗಿ ಕಣ್ಮರೆಯಾಗುತ್ತವೆ.

ಅಲ್ಲಿಂದ ಸುಮಾರು 1,100 ಕಿಲೋಮೀಟರು ದೂರದಲ್ಲಿ, ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದ ಸಮೀಪದ ಹಳ್ಳಿಯೊಂದರಲ್ಲಿ, ಪಾರಿವಾಳ ಸಾಕುವವನೊಬ್ಬನು ಮನೆಯ ಹಿತ್ತಿಲಿನಲ್ಲಿ ಕುಳಿತು ಆಕಾಶವನ್ನು ನೋಡುತ್ತಿರುತ್ತಾನೆ. ಅವನ ಹಕ್ಕಿಯು ಪಿರನೀಸ್ ಪರ್ವತಶ್ರೇಣಿಯನ್ನು ದಾಟಿಯೋ ಬಳಸಿಯೋ ಫ್ರಾನ್ಸ್ ದೇಶವನ್ನು ಪ್ರವೇಶಿಸಬೇಕು. ಆ ದೇಶದ ಉದ್ದಕ್ಕೂ ಹಾರಿ, ಇರುಳನ್ನು ಎಲ್ಲಿಯಾದರೂ ಕಳೆದು, ಮರುದಿನ ತನ್ನ ಗೂಡನ್ನು ಸೇರಬೇಕು. ಅದಕ್ಕೆ ದಾರಿ ತೋರಿದವರು ಯಾರೂ ಇಲ್ಲ. ಬಂದ ದಾರಿಯನ್ನು ಅದು ಆಕಾಶದಿಂದ ಕಂಡುದಿಲ್ಲ. ಲಾರಿಯ ಬುಟ್ಟಿಯೊಳಗೆ ಕುಳಿತು ಬಂದಿದೆ. ಆದರೂ ಅದು ಬರುತ್ತದೆಂಬ ನಂಬಿಕೆ ಆ ಮನುಷ್ಯನಿಗಿದೆ. ಈ ನಂಬಿಕೆಗೆ ಆಧಾರವೇನು? ಹಕ್ಕಿಯ ಹುಟ್ಟುಗುಣವೆಷ್ಟು, ಮನುಷ್ಯನ ಪರಿಶ್ರಮವೆಷ್ಟು?

ದೇವಾಲಯದ ಗೋಪುರಗಳಲ್ಲಿಯೂ ಹಳೆಯ ಕೋಟೆಗಳ ಬಿರುಕುಗಳಲ್ಲಿಯೂ ವಾಸಿಸುವ ಪಾರಿವಾಳವನ್ನು ಕಾಣದವರಿಲ್ಲ. ಪಂದ್ಯದ ಪಾರಿವಾಳವೂ ಇದೇ ಕುಲಕ್ಕೆ ಸೇರಿದುದು. ಬಂಡೆಗಳ ಸಂದಿನಲ್ಲಿ ಗೂಡು ಕಟ್ಟುವ ಕಾಡುಪಾರಿವಾಳವೇ ಇವೆಲ್ಲವುಗಳ ಮೂಲ. ಹಗಲೆಲ್ಲ ದೂರ ಹೋಗಿ ಕಾಳು ಹೆಕ್ಕಿ, ಸಂಜೆ ತಪ್ಪದೆ ತನ್ನ ಬಂಡೆಗೆ ಮರಳುವುದು ಆ ಹಕ್ಕಿಯ ಸ್ವಭಾವ. ಈ ಸ್ವಭಾವವನ್ನು ಮನುಷ್ಯನು ಬಹು ಹಿಂದೆಯೇ ಗುರುತಿಸಿ ಸಂದೇಶ ಸಾಗಿಸಲು ಬಳಸಿಕೊಂಡನು. ಪಾರಿವಾಳವು ಹೇಳಿದಲ್ಲಿಗೆ ಓಲೆಯನ್ನು ಒಯ್ಯುತ್ತದೆಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಅದು ಒಂದೇ ದಿಕ್ಕಿನ ಅಂಚೆಯಾಳು. ಎಲ್ಲಿಂದ ಬಿಟ್ಟರೂ ತನ್ನ ಮನೆಗೆ ಮಾತ್ರ ಹೋಗುತ್ತದೆ. ಸಂದೇಶ ಕಳುಹಬೇಕಾದವನು ಹಕ್ಕಿಯನ್ನು ಮುಂಚಿತವಾಗಿಯೇ ಅದರ ಮನೆಯಿಂದ ಒಯ್ದು ತನ್ನ ಬಳಿ ಇರಿಸಿಕೊಂಡಿರಬೇಕು.

ಜೂಲಿಯಸ್ ರಾಯಿಟರ್ 1850ರಲ್ಲಿ ಜರ್ಮನಿಯ ಆಖೆನ್ ಮತ್ತು ಬೆಲ್ಜಿಯಂನ ಬ್ರಸೆಲ್ಸ್ ನಗರಗಳ ನಡುವೆ ವರ್ತಮಾನ ತರಿಸಲು ಪಾರಿವಾಳಗಳನ್ನು ಬಳಸಿದನು. ಆಗ ಆ ಎರಡು ಊರುಗಳ ನಡುವೆ ತಂತಿಯ ಸಂಪರ್ಕವಿರಲಿಲ್ಲ. ಹಕ್ಕಿಗಳು ರೈಲಿಗಿಂತ ಬೇಗನೆ ಸುದ್ದಿಯನ್ನು ಮುಟ್ಟಿಸಿದವು. 1870ರಲ್ಲಿ ಶತ್ರುಸೈನ್ಯವು ಪ್ಯಾರಿಸ್ ನಗರವನ್ನು ಮುತ್ತಿದಾಗ, ನಗರದವರು ಪಾರಿವಾಳಗಳನ್ನು ಬೆಲೂನುಗಳಲ್ಲಿ ಹೊರಕ್ಕೆ ಕಳುಹಿಸಿದರು. ಸಹಸ್ರಾರು ಪತ್ರಗಳನ್ನು ಅತಿ ಸೂಕ್ಷ್ಮವಾಗಿ ಫಿಲ್ಮಿನ ಮೇಲೆ ಇಳಿಸಿ, ಹಕ್ಕಿಯ ಬಾಲದ ಗರಿಗೆ ಕಟ್ಟಿ ಮರಳಿ ಬಿಡಲಾಯಿತು. ಚಳಿಗಾಲದ ಆ ದಿನಗಳಲ್ಲಿ ಬಿಟ್ಟ ಹಕ್ಕಿಗಳಲ್ಲಿ ಹೆಚ್ಚಿನವು ಮರಳಲಿಲ್ಲ. ಮರಳಿದ ಕೆಲವು ಹಕ್ಕಿಗಳೇ ಮುತ್ತಿಗೆಯೊಳಗಿನ ಜನರಿಗೆ ಹೊರಗಿನ ಬಂಧುಗಳ ಕ್ಷೇಮಸಮಾಚಾರವನ್ನು ತಂದವು.

ಭಾರತದಲ್ಲಿಯೂ ಈ ಹಕ್ಕಿಗಳು ಸೇವೆ ಸಲ್ಲಿಸಿವೆ. 1946ರಲ್ಲಿ ಸೈನ್ಯವು ನೀಡಿದ 200 ಪಾರಿವಾಳಗಳಿಂದ ಒರಿಸ್ಸಾದ ಪೊಲೀಸ್ ಇಲಾಖೆಯು ಪಾರಿವಾಳದ ಅಂಚೆಯನ್ನು ಆರಂಭಿಸಿತು. ಗುಡ್ಡಗಾಡಿನ ಕೋರಾಪುಟ್ ಜಿಲ್ಲೆಯಲ್ಲಿ ಮೊದಲು ನೆಲೆಗೊಂಡ ಈ ವ್ಯವಸ್ಥೆಯು ಮುಂದೆ ಇತರ ಜಿಲ್ಲೆಗಳಿಗೂ ಹರಡಿತು. 1948ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಸಂಬಲ್‌ಪುರದಿಂದ ಕಟಕ್ ನಗರಕ್ಕೆ ಸಂದೇಶವೊಂದನ್ನು ಪಾರಿವಾಳದ ಮೂಲಕ ಕಳುಹಿಸಿದ್ದರು. 1999ರ ಭೀಕರ ಚಂಡಮಾರುತದಲ್ಲಿ ದೂರವಾಣಿ ಸಂಪರ್ಕಗಳು ಕಡಿದುಹೋದಾಗ ಈ ಹಕ್ಕಿಗಳು ಮತ್ತೆ ನೆರವಿಗೆ ಬಂದವು. ಹೊಸ ಸಾಧನಗಳು ಬಂದ ಬಳಿಕ ಈ ಅಂಚೆಯ ಕಾರ್ಯ ನಿಂತಿತು.

ಅಂಚೆಯ ಕೆಲಸ ಮುಗಿದರೂ ಪಾರಿವಾಳದ ಹಾರಾಟ ಮುಗಿಯಲಿಲ್ಲ. ಅದು ಕ್ರೀಡೆಯಾಗಿ ಉಳಿಯಿತು. ಈ ಕ್ರೀಡೆಯ ತವರು ಬೆಲ್ಜಿಯಂ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಸಾಕಣೆಗಾರರು ಹಲವು ಬಗೆಯ ಪಾರಿವಾಳಗಳನ್ನು ಕೂಡಿಸಿ, ವೇಗ, ಸಹನೆ, ಮನೆಗೆ ಮರಳುವ ಹಂಬಲ ಈ ಮೂರೂ ಗುಣಗಳುಳ್ಳ ತಳಿಯನ್ನು ಬೆಳೆಸಿದರು. ಗಣಿಯಲ್ಲಿ ದುಡಿಯುವವರು, ನೇಯುವವರು, ರೈತರು, ವ್ಯಾಪಾರಿಗಳು ಎಲ್ಲರೂ ಈ ಹವ್ಯಾಸದಲ್ಲಿ ಪಾಲುಗೊಂಡರು. ಹಕ್ಕಿಗಳನ್ನು ಎಲ್ಲಿ, ಎಷ್ಟು ಹೊತ್ತಿಗೆ ಹಾರಿಬಿಡಲಾಯಿತೆಂಬ ವಾರ್ತೆಯನ್ನು ಆ ದೇಶದ ಬಾನುಲಿಯು ಹಲವು ದಶಕಗಳ ಕಾಲ ಬಿತ್ತರಿಸುತ್ತಿತ್ತು. ಅಲ್ಲಿಂದ ಈ ಕ್ರೀಡೆಯು ಬೇರೆ ಬೇರೆ ದೇಶಗಳಿಗೆ ಹಬ್ಬಿತು. ಬೆಂಗಳೂರು, ಚೆನ್ನೈ ನಗರಗಳಲ್ಲಿಯೂ ಮಹಡಿಯ ಮೇಲೆ ಗೂಡುಗಳನ್ನು ಕಟ್ಟಿ ಪಂದ್ಯದ ಪಾರಿವಾಳಗಳನ್ನು ಸಾಕುವವರಿದ್ದಾರೆ, ಅವರ ಸಂಘಗಳಿವೆ.

ದೂರದ ಹಾರಾಟದ ಸಿದ್ಧತೆಯು ಹಾರಾಟದಿಂದ ಆರಂಭವಾಗುವುದಿಲ್ಲ, ಗೂಡಿನಿಂದ ಆರಂಭವಾಗುತ್ತದೆ. ಹೆಣ್ಣುಹಕ್ಕಿಯು ಎರಡು ಮೊಟ್ಟೆಗಳನ್ನಿಡುತ್ತದೆ. ಗಂಡು ಹೆಣ್ಣುಗಳೆರಡೂ ಸರದಿಯ ಮೇಲೆ ಕಾವು ಕೊಡುತ್ತವೆ. ಸುಮಾರು 18 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ತಾಯಿತಂದೆಗಳೆರಡೂ ತಮ್ಮ ಗಂಟಲಚೀಲದಲ್ಲಿ ಉತ್ಪತ್ತಿಯಾಗುವ ಹಾಲಿನಂತಹ ಪೌಷ್ಟಿಕ ದ್ರವ್ಯವನ್ನು ಮರಿಗಳಿಗೆ ಉಣಿಸುತ್ತವೆ. ಒಂದು ವಾರದ ಮರಿಯ ಕಾಲಿಗೆ ಸಾಕಣೆಗಾರನು ಬೆಸುಗೆಯಿಲ್ಲದ ಚಿಕ್ಕ ಉಂಗುರವೊಂದನ್ನು ತೊಡಿಸುತ್ತಾನೆ. ಹಕ್ಕಿ ಹುಟ್ಟಿದ ವರ್ಷವೂ ಅದರ ಸಂಖ್ಯೆಯೂ ಅದರ ಮೇಲೆ ಇರುತ್ತವೆ. ಪಾದವು ಬೆಳೆದ ಮೇಲೆ ಈ ಉಂಗುರವನ್ನು ತೊಡಿಸಲೂ ಆಗದು, ತೆಗೆಯಲೂ ಆಗದು. ಹಕ್ಕಿಯ ಜನ್ಮಪತ್ರಿಕೆ ಅದರ ಕಾಲಿನಲ್ಲಿಯೇ ಇರುತ್ತದೆನ್ನಬಹುದು.

ನಾಲ್ಕು ವಾರ ತುಂಬುವ ಹೊತ್ತಿಗೆ ಮರಿಯನ್ನು ತಾಯಿತಂದೆಗಳಿಂದ ಬೇರ್ಪಡಿಸಿ ಎಳೆಯ ಹಕ್ಕಿಗಳ ಗೂಡಿಗೆ ಸೇರಿಸುತ್ತಾರೆ. ಮೊದಲ ಪಾಠ ಇಲ್ಲಿಯೇ. ಗೂಡಿನ ಮುಂದೆ ಅಥವಾ ಮಾಡಿನ ಮೇಲೆ ತಂತಿಬಲೆಯ ಪಂಜರವಿರುತ್ತದೆ. ಮರಿಯು ಅದರೊಳಗೆ ಕುಳಿತು ಸುತ್ತಲಿನ ಮನೆ, ಮರ, ಬೀದಿಗಳನ್ನು ನೋಡುತ್ತ ತನ್ನ ನೆಲೆಯನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುತ್ತದೆ. ಸಾಕಣೆಗಾರನು ಕಾಳು ಹಾಕುವಾಗಲೆಲ್ಲ ಡಬ್ಬಿಯನ್ನು ಅಲುಗಿಸುತ್ತಾನೆ. ಇಲ್ಲವೆ ಸಿಳ್ಳು ಹಾಕುತ್ತಾನೆ. ಆ ಸದ್ದೆಂದರೆ ಆಹಾರ, ಗೂಡೆಂದರೆ ಅಭಯ ಎಂಬ ಭಾವನೆ ಮರಿಯಲ್ಲಿ ಬೇರೂರುತ್ತದೆ. ಹೀಗೆ ಬೇರೂರಿದ ಮನೆಯ ನೆನಪು ಎಷ್ಟು ಆಳವೆಂದರೆ, ಬೆಳೆದ ಹಕ್ಕಿಯನ್ನು ಬೇರೊಬ್ಬನಿಗೆ ಮಾರಿದರೆ, ಅವನು ಹೊರಗೆ ಬಿಟ್ಟ ದಿನವೇ ಅದು ಹಳೆಯ ಒಡೆಯನ ಮನೆಗೆ ಹಾರಿಬಂದೀತು. ಮನೆಯನ್ನು ಕೊಂಡುಕೊಡಲು ಹಣಕ್ಕೆ ಸಾಧ್ಯವಿಲ್ಲ.

ಮರಿಗಳು ಮನೆಯ ಸುತ್ತ ಹಾರಲು ಕಲಿತ ಮೇಲೆ ಗುಂಪಾಗಿ ದೂರ ಹೋಗಿ, ಒಂದು ಗಂಟೆಯ ಬಳಿಕ ಮರಳಲಾರಂಭಿಸುತ್ತವೆ. ಆಗ ಎರಡನೆಯ ಪಾಠ. ಸಾಕಣೆಗಾರನು ಹಕ್ಕಿಗಳನ್ನು ಬುಟ್ಟಿಯಲ್ಲಿಟ್ಟು ಮೊದಲು ಕೆಲವೇ ಕಿಲೋಮೀಟರು ದೂರ ಒಯ್ದು ಹಾರಿಬಿಡುತ್ತಾನೆ. ಅನಂತರ 10, 20, 40, 80 ಕಿಲೋಮೀಟರುಗಳೆಂದು ದೂರವನ್ನು ಕ್ರಮವಾಗಿ ಹೆಚ್ಚಿಸುತ್ತಾನೆ. ಒಂದು ಮೆಟ್ಟಿಲು ಗಟ್ಟಿಯಾಗುವ ಮುನ್ನ ಮತ್ತೊಂದನ್ನು ಏರಿಸುವುದಿಲ್ಲ. ಗುಂಪಿನ ಹಿಂದೆ ಸುಮ್ಮನೆ ಹೋಗುವ ಅಭ್ಯಾಸ ಬೆಳೆಯಬಾರದೆಂದು, ಕೆಲವೊಮ್ಮೆ ಹಕ್ಕಿಗಳನ್ನು ಒಂದೊಂದಾಗಿ ಬಿಡುವುದೂ ಉಂಟು. ಬುಟ್ಟಿಯೊಳಗೆ ಹೆದರದೆ ಇರುಳನ್ನು ಕಳೆಯುವುದು, ಅಲ್ಲಿಯೇ ನೀರು ಕುಡಿಯುವುದು ಇವನ್ನೂ ಕಲಿಸಬೇಕಾಗುತ್ತದೆ. ಬಾಯಾರಿ ಹೊರಟ ಹಕ್ಕಿಯು ದೂರ ಹೋಗಲಾರದು.

ಪಂದ್ಯಗಳಲ್ಲಿಯೂ ಇದೇ ಕ್ರಮ. ಆಂಟ್‌ವರ್ಪಿನ ಹಕ್ಕಿಗೆ ಮೊದಲು ಸುಮಾರು 100 ಕಿಲೋಮೀಟರು ದೂರದ ಕೀವ್ರೆಯ್ನ್, ಬಳಿಕ 200 ಕಿಲೋಮೀಟರು ದೂರದ ನುವಾಯೋಂ, ಆಮೇಲೆ 400 ಕಿಲೋಮೀಟರು ದೂರದ ಓರ್ಲೆಯಾನ್. ಇವೆಲ್ಲ ಹೆಚ್ಚು ಕಡಿಮೆ ಒಂದೇ ದಿಕ್ಕಿನಲ್ಲಿವೆ. ಮುಂದಿನ ವರ್ಷಗಳಲ್ಲಿ 640 ಕಿಲೋಮೀಟರು ದೂರದ ಲಿಮೋಜ್; ದೇಹವೂ ಮನಸ್ಸೂ ಪಕ್ವವಾದ ಮೇಲೆ ಬಾರ್ಸಿಲೋನಾ. ಮೊದಲ ವರ್ಷದ ಮರಿಯನ್ನು ಬಾರ್ಸಿಲೋನಾಕ್ಕೆ ಕಳುಹಿಸುವುದು, ಅಕ್ಷರ ಕಲಿಯುತ್ತಿರುವ ಬಾಲಕನಿಗೆ ಮಹಾಕಾವ್ಯವನ್ನು ಓದಿಸಿದಂತೆ.

ಆಹಾರದ ವಿಷಯದಲ್ಲಿಯೂ ವಿವೇಕ ಬೇಕು. ವಾರದ ಆರಂಭದಲ್ಲಿ ಬಾರ್ಲಿಯಂತಹ ಹಗುರವಾದ ಕಾಳು. ಪಂದ್ಯದ ದಿನ ಸಮೀಪಿಸಿದಂತೆ ಮೆಕ್ಕೆಜೋಳ ಮತ್ತು ಎಣ್ಣೆಬೀಜಗಳು. ದೂರದ ಹಾರಾಟದಲ್ಲಿ ಹಕ್ಕಿಯ ಸ್ನಾಯುಗಳು ಮುಖ್ಯವಾಗಿ ಕೊಬ್ಬನ್ನೇ ಇಂಧನವಾಗಿ ಬಳಸುತ್ತವೆ. ಆದುದರಿಂದ ಈ ಏರ್ಪಾಡು. ಬಟಾಣಿಯಂತಹ ಧಾನ್ಯಗಳು ದೇಹದ ಬೆಳವಣಿಗೆಗೆ ನೆರವಾಗುತ್ತವೆ. ಹಲ್ಲಿಲ್ಲದ ಹಕ್ಕಿಗೆ ಕಾಳನ್ನು ಅರೆಯಲು ಸಣ್ಣ ಹರಳುಗಳೂ ಚಿಪ್ಪಿನ ಚೂರುಗಳೂ ಬೇಕು. ಒಳ್ಳೆಯ ಸಾಕಣೆಗಾರನು ಪ್ರತಿದಿನ ಬೆಳಗ್ಗೆ ಹಕ್ಕಿಯ ಕಣ್ಣು, ಗಂಟಲು, ರೆಕ್ಕೆಯ ಗರಿಗಳನ್ನು ನೋಡುತ್ತಾನೆ; ಹಿಕ್ಕೆಯನ್ನು ಕೂಡ ಪರಿಶೀಲಿಸುತ್ತಾನೆ. ಗರಿ ಉದುರಿಸುತ್ತಿರುವ ಹಕ್ಕಿಯನ್ನಾಗಲಿ, ಕಣ್ಣು ಮಂಕಾದ ಹಕ್ಕಿಯನ್ನಾಗಲಿ ಅವನು ಬುಟ್ಟಿಗೆ ಹಾಕುವುದಿಲ್ಲ.

ಹಕ್ಕಿಯನ್ನು ಮನೆಗೆ ಸೆಳೆಯುವ ಶಕ್ತಿ ಹಸಿವೊಂದೇ ಅಲ್ಲ. ಪಾರಿವಾಳಗಳು ಜೋಡಿಯಾಗಿ ಬಾಳುತ್ತವೆ. ಬೆಲ್ಜಿಯಂನಲ್ಲಿ ರೂಢಿಗೆ ಬಂದ ಒಂದು ಪದ್ಧತಿಯಂತೆ, ಗಂಡುಹಕ್ಕಿಯನ್ನು ವಾರವಿಡೀ ಅದರ ಜೊತೆಗಾತಿಯಿಂದ ಅಗಲಿಸಿಟ್ಟು, ಪಂದ್ಯಕ್ಕೆ ಹೊರಡುವ ಮುನ್ನ ಕೆಲವು ನಿಮಿಷ ಮಾತ್ರ ತೋರಿಸುತ್ತಾರೆ. ಹಾರಿ ಬಂದೊಡನೆ ಜೋಡಿಯು ಮತ್ತೆ ಕೂಡುತ್ತದೆ. ಇನ್ನು ಕೆಲವರು ಗೂಡಿನಲ್ಲಿ ಎಳೆಯ ಮರಿಗಳಿರುವ ಹಕ್ಕಿಯನ್ನು ಆರಿಸಿ ಕಳುಹಿಸುತ್ತಾರೆ. ಕಾದಿರುವ ಜೊತೆಗಾತಿ, ಹಸಿದಿರುವ ಮರಿ—ಇವರ ಸೆಳೆತವೇ ದಣಿದ ರೆಕ್ಕೆಗಳಿಗೆ ಬಲ.

ಪಂದ್ಯದಲ್ಲಿ ಎಲ್ಲ ಹಕ್ಕಿಗಳನ್ನೂ ಒಂದೇ ಸ್ಥಳದಿಂದ ಬಿಡುತ್ತಾರೆ. ಆದರೆ ಅವು ಸೇರುವ ಮನೆಗಳು ಬೇರೆ ಬೇರೆ. ಹಾಗಾದರೆ ಗೆದ್ದವರು ಯಾರೆಂದು ತಿಳಿಯುವುದು ಹೇಗೆ? ಪ್ರತಿಯೊಂದು ಗೂಡಿನ ದೂರವನ್ನೂ ಮೊದಲೇ ಕರಾರುವಾಕ್ಕಾಗಿ ಅಳೆದಿರುತ್ತಾರೆ. ಹಿಂದೆ ಹಕ್ಕಿಯ ಕಾಲಿನ ರಬ್ಬರು ಉಂಗುರವನ್ನು ತೆಗೆದು ಮುದ್ರೆಯೊತ್ತಿದ ಗಡಿಯಾರದೊಳಗೆ ಹಾಕಿ ವೇಳೆಯನ್ನು ದಾಖಲು ಮಾಡುತ್ತಿದ್ದರು. ಈಗ ಎಲೆಕ್ಟ್ರಾನಿಕ್ ಉಂಗುರವು ಹಕ್ಕಿ ಹೊಸ್ತಿಲು ದಾಟಿದ ಕ್ಷಣವನ್ನು ತಾನೇ ದಾಖಲಿಸುತ್ತದೆ. ದೂರವನ್ನು ನಿಮಿಷಗಳಿಂದ ಭಾಗಿಸಿದರೆ ವೇಗ ದೊರೆಯುತ್ತದೆ. ಒಂದು ಹಕ್ಕಿಯು 640 ಕಿಲೋಮೀಟರನ್ನು 480 ನಿಮಿಷಗಳಲ್ಲಿ ಹಾರಿತೆಂದುಕೊಳ್ಳೋಣ. ಅದರ ವೇಗ ನಿಮಿಷಕ್ಕೆ ಸುಮಾರು 1,333 ಮೀಟರು. ಇನ್ನೊಂದು ಹಕ್ಕಿಯು 630 ಕಿಲೋಮೀಟರನ್ನು 475 ನಿಮಿಷಗಳಲ್ಲಿ ಹಾರಿದರೆ ಅದರ ವೇಗ ಸುಮಾರು 1,326 ಮೀಟರು. ಐದು ನಿಮಿಷ ತಡವಾಗಿ ಮನೆ ಸೇರಿದರೂ ಮೊದಲನೆಯ ಹಕ್ಕಿಯೇ ಗೆದ್ದಂತಾಯಿತು.

ಇಷ್ಟೆಲ್ಲ ಸಿದ್ಧತೆಯಲ್ಲಿ ಸಾಕಣೆಗಾರನು ಕಲಿಸದೆ ಉಳಿದುದು ಒಂದಿದೆ. ಅದು ದಾರಿ. ಹಿಂದೆಂದೂ ಕಾಣದ ಸ್ಥಳದಿಂದ ಹಕ್ಕಿಯು ಮನೆಯ ದಿಕ್ಕನ್ನು ಅರಿಯುವುದು ಹೇಗೆ? ಈ ಪ್ರಶ್ನೆ ವಿಜ್ಞಾನಿಗಳನ್ನು ಬಹುಕಾಲದಿಂದ ಕಾಡಿದೆ. ಜರ್ಮನಿಯ ಗುಸ್ತಾಫ್ ಕ್ರಾಮರ್ ಮತ್ತು ಅವರ ಶಿಷ್ಯರು 1950ರ ದಶಕದಲ್ಲಿ, ಹಕ್ಕಿಗಳು ಸೂರ್ಯನ ಸ್ಥಾನದಿಂದ ದಿಕ್ಕನ್ನು ಗುರುತಿಸುತ್ತವೆಂದು ತೋರಿಸಿದರು. ಕೃತಕ ಬೆಳಕಿನ ಕೋಣೆಯಲ್ಲಿ ಹಗಲಿರುಳುಗಳನ್ನು ಆರು ಗಂಟೆಗಳಷ್ಟು ಬದಲಿಸಿದಾಗ, ಪಾರಿವಾಳಗಳು ಬಿಸಿಲಿನಲ್ಲಿ ಸುಮಾರು 90 ಡಿಗ್ರಿಗಳಷ್ಟು ತಪ್ಪು ದಿಕ್ಕಿಗೆ ಹಾರಿದವು. ಹಾಗಾದರೆ ಮೋಡ ಮುಸುಕಿದ ದಿನ? ಅಮೆರಿಕದ ವಿಲಿಯಂ ಕೀಟನ್ 1971ರಲ್ಲಿ ಹಕ್ಕಿಗಳ ಬೆನ್ನಿಗೆ ಚಿಕ್ಕ ಅಯಸ್ಕಾಂತಗಳನ್ನು ಅಂಟಿಸಿದಾಗ, ಅವು ಬಿಸಿಲಿನಲ್ಲಿ ಸರಿಯಾಗಿಯೇ ಹಾರಿದವು. ಮೋಡವಿದ್ದಾಗ ಮಾತ್ರ ತಬ್ಬಿಬ್ಬಾದವು. ಭೂಮಿಯ ಕಾಂತಶಕ್ತಿಯೂ ಅವುಗಳಿಗೆ ನೆರವಾಗುತ್ತದೆಂದು ಇದರಿಂದ ತಿಳಿಯಿತು. ಇಟಲಿಯ ಫ್ಲೋರಿಯಾನೋ ಪಾಪಿ ಮತ್ತು ಸಂಗಡಿಗರು, ಗಾಳಿಯಲ್ಲಿ ತೇಲಿಬರುವ ವಾಸನೆಗಳೂ ಹಕ್ಕಿಗೆ ದಾರಿಯ ಸುಳಿವು ನೀಡುತ್ತವೆಂದು 1972ರಲ್ಲಿ ಪ್ರತಿಪಾದಿಸಿದರು. ಮನೆಯ ಹತ್ತಿರ ಬಂದಾಗ ಹಕ್ಕಿಯು ರಸ್ತೆ, ನದಿ, ಗಿಡಮರಗಳ ಗುರುತು ಹಿಡಿಯುತ್ತದೆ. ಈ ಎಲ್ಲ ಸಾಧನಗಳು ಹೇಗೆ ಒಂದುಗೂಡಿ ಕೆಲಸ ಮಾಡುತ್ತವೆಂಬ ರಹಸ್ಯ ಇನ್ನೂ ಪೂರ್ಣವಾಗಿ ಬಿಡಿಸಿಲ್ಲ.

ದಾರಿಯನ್ನು ಕಲಿಸಲಾರದ ಮನುಷ್ಯನ ಮೇಲೆ ಹೊಣೆಯೊಂದು ಬೀಳುತ್ತದೆ. ಹಕ್ಕಿಯು ಮರಳಬಲ್ಲ ದಿನದಲ್ಲಿ, ಮರಳಬಲ್ಲ ದೂರದಿಂದ ಮಾತ್ರ ಅದನ್ನು ಬಿಡಬೇಕು. ಗಾಳಿಯಿಲ್ಲದ ದಿನ ಗಂಟೆಗೆ 60ರಿಂದ 80 ಕಿಲೋಮೀಟರು ವೇಗದಲ್ಲಿ ಸಾಗುವ ಹಕ್ಕಿಯು ಎದುರುಗಾಳಿಯಲ್ಲಿ ಬಹುಬೇಗ ಬಸವಳಿಯುತ್ತದೆ. ಮಳೆ, ಮಂಜು, ಉರಿಬಿಸಿಲು, ಗಿಡುಗ, ವಿದ್ಯುತ್ ತಂತಿ—ಎಲ್ಲವೂ ಅದಕ್ಕೆ ಶತ್ರುಗಳೇ. 1997ರ ಜೂನ್ 29ರಂದು ಇಂಗ್ಲೆಂಡಿನ ಪಾರಿವಾಳ ಸಂಘವೊಂದರ ಶತಮಾನೋತ್ಸವದ ಪಂದ್ಯಕ್ಕಾಗಿ ಫ್ರಾನ್ಸಿನ ನಾಂತ್ ನಗರದಿಂದ ಸುಮಾರು 60,000 ಹಕ್ಕಿಗಳನ್ನು ಹಾರಿಬಿಡಲಾಯಿತು. ಸಂಜೆಯವರೆಗೆ ಕಾದವರಿಗೆ ಬರಿಯ ಆಕಾಶವೇ ಕಂಡಿತು. ಸಹಸ್ರಾರು ಹಕ್ಕಿಗಳು ಮರಳಲೇ ಇಲ್ಲ. ಶಬ್ದಕ್ಕಿಂತ ವೇಗವಾಗಿ ಹಾರುವ ಕಾಂಕಾರ್ಡ್ ವಿಮಾನದ ಆಘಾತತರಂಗವು ಅವುಗಳ ದಾರಿ ತಪ್ಪಿಸಿತೆಂದು ವಿಜ್ಞಾನಿಯೊಬ್ಬರು ಅಭಿಪ್ರಾಯಪಟ್ಟರು. ಕಾರಣವೇನೇ ಇರಲಿ, ಎಷ್ಟು ನುರಿತ ಹಕ್ಕಿಯೂ ಎಲ್ಲ ಅಪಾಯಗಳನ್ನು ಗೆಲ್ಲಲಾರದೆಂಬುದನ್ನು ಆ ದಿನ ತೋರಿಸಿಕೊಟ್ಟಿತು.

ಇಂದು ಈ ಕ್ರೀಡೆಯಲ್ಲಿ ಅಪಾರ ಹಣ ಹರಿಯುತ್ತಿದೆ. 2020ರಲ್ಲಿ ಬೆಲ್ಜಿಯಂನ ಒಂದು ಹೆಣ್ಣುಪಾರಿವಾಳವು 16 ಲಕ್ಷ ಯೂರೋಗಳಿಗೆ ಹರಾಜಾಯಿತು. ಹಣದ ಆಸೆ ಬೆಳೆದಲ್ಲಿ ಹಕ್ಕಿಯು ಬರಿಯ ಪಣವಾಗುತ್ತದೆ. ಬಹುಮಾನಕ್ಕಾಗಿ ಎಳೆಯ ಹಕ್ಕಿಯನ್ನು ಮಿತಿ ಮೀರಿದ ದೂರಕ್ಕೆ ಕಳುಹಿಸುವವರೂ, ಸೋತ ಹಕ್ಕಿಯನ್ನು ತಿರಸ್ಕರಿಸುವವರೂ ಇಲ್ಲದಿಲ್ಲ. ಇಂತಹ ಕ್ರೀಡೆಯೇ ಬೇಡವೆಂದು ವಾದಿಸುವ ಪ್ರಾಣಿದಯಾಪರರ ಮಾತಿನಲ್ಲಿ ಆಲೋಚಿಸತಕ್ಕ ಅಂಶವಿದೆ. ಕುದುರೆಗೆ ಕಡಿವಾಣವಿದೆ, ಎತ್ತಿಗೆ ಮೂಗುದಾರವಿದೆ. ಪಾರಿವಾಳಕ್ಕೆ ಇವಾವುವೂ ಇಲ್ಲ. ಬುಟ್ಟಿಯ ಬಾಗಿಲು ತೆರೆದ ಕ್ಷಣದಲ್ಲಿ ಅದು ಪೂರ್ಣ ಸ್ವತಂತ್ರ. ಯಾವ ಮರದಲ್ಲಿಯಾದರೂ ನೆಲಸಬಹುದು, ಯಾವ ಹಿಂಡನ್ನಾದರೂ ಸೇರಬಹುದು. ಆದರೂ ಅದು ಮನೆಗೆ ಬರುತ್ತದೆ. ಆ ಹಕ್ಕಿಗೆ ಸಾಕಣೆಗಾರನು ಸಲ್ಲಿಸಬೇಕಾದ ಋಣವೆಂದರೆ, ಬರುವುದಕ್ಕೆ ತಕ್ಕ ಮನೆಯೊಂದನ್ನು ಉಳಿಸಿಡುವುದೇ.

ಬೆಲ್ಜಿಯಂನ ಆ ಹಳ್ಳಿಯಲ್ಲಿ ಮರುದಿನದ ಸಂಜೆ. ಪಂದ್ಯದ ಮೊದಲ ಹಕ್ಕಿಗಳು ಬಂದು ಬಹಳ ಹೊತ್ತಾಗಿದೆ. ಬಹುಮಾನಗಳು ಯಾರ ಯಾರ ಪಾಲೆಂಬುದೂ ತಿಳಿದಿದೆ. ಸಾಕಣೆಗಾರನು ಇನ್ನೂ ಹಿತ್ತಿಲಿನಲ್ಲಿಯೇ ಕುಳಿತಿದ್ದಾನೆ. ಬೆಳಕು ಮಾಸುವ ಹೊತ್ತಿಗೆ ದಕ್ಷಿಣದ ಆಕಾಶದಲ್ಲಿ ಒಂದು ಚುಕ್ಕೆ ಕಾಣಿಸುತ್ತದೆ. ಅದು ಹತ್ತಿರವಾಗಿ, ರೆಕ್ಕೆ ಮಡಿಸಿ ಗೂಡಿನ ಹಲಗೆಯ ಮೇಲೆ ಇಳಿಯುತ್ತದೆ. ಎದೆ ಏದುತ್ತಿದೆ, ರೆಕ್ಕೆಯ ಗರಿಯೊಂದು ಮುರಿದಿದೆ. ಅವನು ಗಡಿಯಾರದ ಕಡೆಗೆ ನೋಡುವುದಿಲ್ಲ. ಕಾಳಿನ ಡಬ್ಬಿಯನ್ನು ಮೆಲ್ಲನೆ ಅಲುಗಿಸುತ್ತಾನೆ. ನೀರಿನ ಬಟ್ಟಲನ್ನು ಮುಂದಿರಿಸುತ್ತಾನೆ. ಹಕ್ಕಿಯು ಹೊಸ್ತಿಲು ದಾಟಿ ಒಳಗೆ ಹೋಗುತ್ತದೆ.

ಅಭ್ಯಾಸ

1. ಪಾರಿವಾಳವನ್ನು 'ಒಂದೇ ದಿಕ್ಕಿನ ಅಂಚೆಯಾಳು' ಎಂದು ಕರೆಯಲು ಕಾರಣವೇನು?
2. ದೂರದ ಹಾರಾಟಕ್ಕೆ ಎಳೆಯ ಹಕ್ಕಿಯನ್ನು ಸಿದ್ಧಗೊಳಿಸುವ ಕ್ರಮವನ್ನು ವಿವರಿಸಿರಿ.
3. ಮನೆ ತಡವಾಗಿ ಸೇರಿದ ಹಕ್ಕಿಯೂ ಪಂದ್ಯವನ್ನು ಗೆಲ್ಲುವುದು ಹೇಗೆ? ಉದಾಹರಣೆಯೊಡನೆ ತಿಳಿಸಿರಿ.
4. ಪಾರಿವಾಳವು ದಿಕ್ಕನ್ನು ಅರಿಯುವ ಬಗೆಯನ್ನು ಕುರಿತು ವಿಜ್ಞಾನಿಗಳು ನಡೆಸಿದ ಪ್ರಯೋಗಗಳಾವುವು?
5. 'ಮನೆಯನ್ನು ಕೊಂಡುಕೊಡಲು ಹಣಕ್ಕೆ ಸಾಧ್ಯವಿಲ್ಲ.' ಈ ಮಾತನ್ನು ಪಾಠದ ಹಿನ್ನೆಲೆಯಲ್ಲಿ ವಿಸ್ತರಿಸಿ ಬರೆಯಿರಿ.